ಪದ ನಮ್ಮದು, ಪೆಟ್ಟು ಯಾರದು?

ಕನ್ನಡದಲ್ಲಿ ಜಾನಪದ ರಾಕ್ ಎಂಬ ಪಂಥ ಹುಟ್ಟಿ ಕಾಲು ಶತಮಾನವಾಯಿತು. ಅದರ ಹಾಡುಗಾರರ ಹೆಸರನ್ನು ಕಾಲೇಜು ಹುಡುಗರು ಥಟ್ಟನೆ ಹೇಳುತ್ತಾರೆ. ಗಿಟಾರ್, ಪಿಟೀಲು ನುಡಿಸಿದವರನ್ನೂ ಕೆಲವರು ಬಲ್ಲರು. ಡ್ರಮ್ಸ್ ಹಿಂದೆ ಕೂತವರು ಯಾರೆಂದು ಕೇಳಿದರೆ ಕಟ್ಟಾ ಅಭಿಮಾನಿಗಳೂ ತಡವರಿಸುತ್ತಾರೆ. ಹಾಡೆಂದರೆ ಪದ ಮತ್ತು ಮಟ್ಟು, ತಾಳವೇನಿದ್ದರೂ ಅವುಗಳ ಹಿಂದೆ ಬರತಕ್ಕದ್ದು ಎಂಬ ಹಳೆಯ ನಂಬಿಕೆ ಈ ಹೊಸ ಸಂಗೀತದೊಳಗೂ ಬಂದು ಕೂತಿದೆ. ಈ ಪಂಥ ಗಳಿಸಿದ್ದು ಬಹಳ. ಆದರೆ ಲಯ ಕಟ್ಟುವವನೂ ಹಾಡು ಕಟ್ಟುವವನೇ ಎಂದು ಒಪ್ಪಿಕೊಳ್ಳುವವರೆಗೆ ಅದು ಅರ್ಧ ದಾರಿಯಲ್ಲೇ ನಿಂತಿರುತ್ತದೆ.

ಮೊದಲು ಗಳಿಕೆಯ ಮಾತು. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಏಕತಾರಿ, ದಮ್ಮಡಿಯ ಭಜನೆ ಮನೆಗಳಿಂದ ಪೇಟೆಯ ಮನೆಗಳ ಟೇಪ್ ರೆಕಾರ್ಡರಿಗೆ ತಂದವರು ಸಿ. ಅಶ್ವತ್ಥ್. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರ, ಕನ್ನಡ ಕವಿತೆಗೂ ಮೈದಾನ ತುಂಬಿಸುವ ತಾಕತ್ತಿದೆ ಎಂದು ತೋರಿಸಿಕೊಟ್ಟಿತು. ಅದೇ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ನುಡಿಸಿ ಹೋದವು. ಒಂದೇ ಊರು, ಒಂದೇ ಮೈದಾನ. ಕೇಳುಗರು ಮಾತ್ರ ಬೇರೆ ಬೇರೆ. ಈ ಎರಡು ಗುಂಪುಗಳ ನಡುವಿನ ಗೋಡೆಯನ್ನು ಕೆಡವಿದ್ದು ಜಾನಪದ ರಾಕ್‌ನ ಮೊದಲ ಸಾಧನೆ.

ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತ್ ತೊಂಬತ್ತರ ದಶಕದ ಕೊನೆಗೆ ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿದರು. 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಕಂಪನಿ ಹೊರತಂದ ಅವರ ಮೊದಲ ಆಲ್ಬಂ ಹಿಂದಿ, ಇಂಗ್ಲಿಷ್ ಹಾಡುಗಳ ಸರಿಸಮಕ್ಕೆ ಶರೀಫರನ್ನು ನಿಲ್ಲಿಸಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ರಘು ಅವರ ತಂಡ ಹೋಯಿತು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ 2009ರ ಮೊದಲ ಆಲ್ಬಂನಲ್ಲಿ ಕಾವೇರಿಯ ಜಗಳವನ್ನು ಹಿಂದಿಯಲ್ಲಿ ಹಾಡಿತು. ಅದರಲ್ಲೇ ‘ಈ ಭೂಮಿ’ ಎಂಬ ಕನ್ನಡ ಹಾಡೂ ಇದೆ. ಇಂಗ್ಲಿಷ್ ಬಾರದಿದ್ದರೆ ರಾಕ್ ಬಾರದು ಎಂದು ಹಿಂಜರಿಯುತ್ತಿದ್ದ ಹುಡುಗರಿಗೆ ಇವರು ಕೊಟ್ಟ ಧೈರ್ಯವನ್ನು ಯಾರೂ ಕಡಿಮೆ ಮಾಡಿ ಹೇಳಬಾರದು.

ಇನ್ನು ಕೊರತೆ. ರಾಕ್‌ನ ಸಾಮಾನ್ಯ ಎಣಿಕೆ ನಾಲ್ಕು. ಒಂದಕ್ಕೂ ಮೂರಕ್ಕೂ ಕಾಲು ತುಳಿಯುವ ಬೇಸ್ ಡ್ರಮ್, ಎರಡಕ್ಕೂ ನಾಲ್ಕಕ್ಕೂ ಎಡಗೈಯ ಸ್ನೇರ್, ಇವುಗಳ ನಡುವೆ ಬಲಗೈ ಹೈ-ಹ್ಯಾಟ್ ಮೇಲೆ ಹೆಣೆಯುವ ಎಂಟು ಸಣ್ಣ ಪೆಟ್ಟು. ಕನ್ನಡದ ಮಾತಿನ ನಡೆ ಬೇರೆ. ನಮ್ಮ ಒತ್ತು ಸಾಮಾನ್ಯವಾಗಿ ಮೊದಲಕ್ಷರದ ಮೇಲೆ. ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಸ್ನೇರ್ ಛಟೀರೆಂದು ಬೀಳುವ ಜಾಗದಲ್ಲಿ ಇಂಗ್ಲಿಷ್ ಹಾಡಿಗೆ ಗಟ್ಟಿ ವ್ಯಂಜನವೊಂದು ಸಿಗುತ್ತದೆ. ಕನ್ನಡದ ಹಾಡಿಗೆ ಜಾರುವ ಉಕಾರವೋ ಎಕಾರವೋ ಸಿಗುತ್ತದೆ. ತ್ರಿಪದಿ ಅಂಶಗಣದ್ದು, ಹಾಡುವವರ ಉಸಿರಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ತತ್ವಪದ ಮೂರು ಮಾತ್ರೆಯಿಂದ ನಾಲ್ಕಕ್ಕೆ ಹೊರಳುವುದನ್ನು ಭಜನೆಯ ತಾಳ ಹಿಡಿದವರು ಲೀಲಾಜಾಲವಾಗಿ ನಿಭಾಯಿಸುತ್ತಾರೆ. ನಮ್ಮ ಬ್ಯಾಂಡುಗಳಲ್ಲಿ ಇದಕ್ಕೆ ಸಿಕ್ಕ ಪರಿಹಾರ ಹೆಚ್ಚಾಗಿ ಒಂದೇ: ಹಾಡುಗಾರ ಪದವನ್ನು ಎಳೆದು ಮುಂದಿನ ಪೆಟ್ಟಿನ ಮೇಲೆ ಕೂರಿಸುವುದು. ಚೌಕಟ್ಟಿಗಾಗಿ ಪದ ಬಗ್ಗುತ್ತದೆ, ಪದಕ್ಕಾಗಿ ಚೌಕಟ್ಟು ಬಗ್ಗುವುದಿಲ್ಲ.

ಬಗ್ಗಿಸುವ ವಿದ್ಯೆ ನಮ್ಮಲ್ಲಿಲ್ಲವೇ? ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯಾವ ಜಾತ್ರೆಗೆ ಹೋದರೂ ಉತ್ತರ ಸಿಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆ ತಮಟೆಯ ಸೀಮೆ. ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಇದೇ ವಾದ್ಯಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ನೋಡಲು ಸರಳ: ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಎರಡು ಕಡ್ಡಿ. ಬಾರಿಸುವ ಮುನ್ನ ಹುಲ್ಲೋ ಕಾಗದವೋ ಉರಿಸಿ ಚರ್ಮವನ್ನು ಕಾಯಿಸುತ್ತಾರೆ. ಕಾದಂತೆ ಚರ್ಮ ಬಿಗಿದು ನಾದ ಏರುತ್ತದೆ, ಇಬ್ಬನಿ ಬಿದ್ದರೆ ಇಳಿಯುತ್ತದೆ. ಎಡಗೈ ಬಳೆಯ ಅಂಚನ್ನು ಹಿಡಿದುಕೊಂಡೇ ತೆಳ್ಳನೆಯ ಉದ್ದ ಕಡ್ಡಿಯನ್ನು ಆಡಿಸಬೇಕು. ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕಡ್ಡಿ. ದಪ್ಪ ಕಡ್ಡಿ ನಡುವಿಗೆ ಬಿದ್ದರೆ ಗುಂಡಿಗೆಗೆ ತಾಗುವ ಪೆಟ್ಟು, ತೆಳು ಕಡ್ಡಿ ಅಂಚಿನಲ್ಲಿ ಸಿಡಿದರೆ ಕಿವಿಗೆ ಚುರುಕು. ಬೇಸ್ ಡ್ರಮ್ಮೂ ಸ್ನೇರೂ ಒಂದೇ ಚರ್ಮದ ಮೇಲೆ ಸಿಕ್ಕ ಹಾಗಾಯಿತು. ಮೆರವಣಿಗೆಗೆ ಒಂದು ವರಸೆ, ಮದುವೆಗೆ ಒಂದು, ಸಾವಿಗೆ ಇನ್ನೊಂದು. ದೇವರು ಮೈದುಂಬಿದವರ ಹೆಜ್ಜೆ ನೋಡಿಕೊಂಡು ಬಾರಿಸುವವರು ಲಯವನ್ನು ಏರಿಸುತ್ತಾ ಹೋಗುತ್ತಾರೆ. ಆ ಏರಿಕೆಯಲ್ಲೇ ಒಂದು ಕಥೆಯಿದೆ: ಆರಂಭ, ಉಬ್ಬರ, ನಿಲುಗಡೆ. ಇದು ಪಕ್ಕವಾದ್ಯದವರ ಕೆಲಸವಲ್ಲ, ರಚನೆಕಾರರ ಕೆಲಸ.

ನಮ್ಮ ಸ್ಟುಡಿಯೋಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಡ್ರಮ್ಮರ್ ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಒಂದೇ ಸಮ ಟಿಕ್ ಟಿಕ್ ಎನ್ನುವ ಕ್ಲಿಕ್ ಬಿಡುತ್ತಾರೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ಕೂದಲೆಳೆಯಷ್ಟೂ ವೇಗ ಬದಲಾಗಬಾರದು; ಬದಲಾದರೆ ಆಮೇಲೆ ಸೇರಿಸುವ ಪಿಟೀಲು, ಕೊಳಲು ಹೊಂದುವುದಿಲ್ಲ. ತಾಂತ್ರಿಕವಾಗಿ ಇದು ಅನುಕೂಲವೇ. ಆದರೆ ಜಾನಪದದ ಹೆಸರಿನ ಸಂಗೀತ ಜಾನಪದದ ಮುಖ್ಯ ಗುಣವನ್ನೇ ಹೊಸಿಲಾಚೆ ಬಿಟ್ಟು ಒಳಗೆ ಬಂದ ಹಾಗಾಗುತ್ತದೆ. ವೇದಿಕೆಯ ಮೇಲೆ ಇದೇ ತಂಡಗಳು ಉಸಿರಾಡುವುದು, ಅದೇ ಹಾಡು ಆಲ್ಬಂನಲ್ಲಿ ಬಿಗಿದುಕೊಂಡಂತೆ ಕೇಳುವುದು ಇದೇ ಕಾರಣಕ್ಕೆ.

ತಮಟೆಗೂ ಬ್ಯಾಂಡಿಗೂ ನಡುವಿನ ಈ ಅಂತರದ ಹಿಂದೆ ಜಾತಿಯಿದೆ. ಅದನ್ನು ಬಿಟ್ಟು ಮಾತಾಡಿದರೆ ವಿಮರ್ಶೆ ಪೊಳ್ಳಾಗುತ್ತದೆ. ನೇಕಾರರ ಮನೆಯಲ್ಲಿ ಹುಟ್ಟಿದ ದೊಡ್ಡಬಳ್ಳಾಪುರದ ವಿಮರ್ಶಕ ಡಿ.ಆರ್. ನಾಗರಾಜ್ (1954–1998) ಈ ಗಾಯವನ್ನು ಸರಿಯಾಗಿ ಗುರುತಿಸಿದ್ದರು. ವಾದ್ಯ ಬಾರಿಸುವ ಕಲೆ ಸತ್ತ ದನ ಹೊರುವ ಅವಮಾನದ ಜೊತೆ ಹೆಣೆದುಕೊಂಡಿದ್ದರಿಂದ, ಸ್ವಾಭಿಮಾನಕ್ಕಾಗಿ ಹೊರಟ ದಲಿತ ಚಳವಳಿ ಅವಮಾನದ ಜೊತೆಗೆ ಕಲೆಯ ನೆನಪನ್ನೂ ಬಿಡಬೇಕಾಗಿ ಬಂತು ಎಂಬುದು ಅವರ ನೋವು. ಬಿಟ್ಟಿಯಾಗಿ ತಮಟೆ ಬಾರಿಸುವುದಿಲ್ಲ ಎಂದು ಹಳ್ಳಿಯ ಯುವಕರು ಎದ್ದು ನಿಂತದ್ದು ನ್ಯಾಯವಾದ ಪ್ರತಿಭಟನೆ. ಹೀಗಾಗಿ ಇಂದು ರಾಕ್ ಬ್ಯಾಂಡೊಂದು ತಮಟೆಯವರನ್ನು ಕರೆದು, ಹಾಡಿನ ನಡುವೆ ಐದು ನಿಮಿಷ ಕುಣಿಸಿ, ಚಪ್ಪಾಳೆ ತಟ್ಟಿಸಿ ಕಳಿಸಿದರೆ ಹಳೆಯ ಅವಮಾನವೇ ಹೊಸ ಬೆಳಕಿನಲ್ಲಿ ಮತ್ತೆ ನಡೆದಂತೆ. ಕರೆದರೆ ಸಾಲದು, ಯಾವ ಸ್ಥಾನ ಕೊಟ್ಟು ಕರೆಯುತ್ತೇವೆ ಎಂಬುದು ಮುಖ್ಯ.

ರಾಕ್ ತನ್ನ ಹುಟ್ಟನ್ನು ನೆನಪು ಮಾಡಿಕೊಂಡರೆ ಈ ಮಾತು ಪರಕೀಯ ಅನ್ನಿಸುವುದಿಲ್ಲ. ಡ್ರಮ್ ಕಿಟ್ ರೂಪುಗೊಂಡದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಂಥ ಊರುಗಳಲ್ಲಿ. ಅಲ್ಲಿನ ಕಪ್ಪು ಜನರು ಹಬ್ಬದ ಮೆರವಣಿಗೆಗೂ ಶವಯಾತ್ರೆಗೂ ಬೀದಿಯಲ್ಲಿ ಬಾರಿಸುತ್ತಿದ್ದ ಬೇರೆ ಬೇರೆ ಡ್ರಮ್ಮುಗಳನ್ನು ಒಬ್ಬನೇ ಕೂತು ನುಡಿಸುವಂತಾಯಿತು. 1909ರಲ್ಲಿ ಲುಡ್ವಿಗ್ ತಂದ ಕಾಲ್ತುಳಿತದ ಪೆಡಲ್ ಅದಕ್ಕೆ ದಾರಿ ಸಲೀಸು ಮಾಡಿತು. ತುಳಿತಕ್ಕೊಳಗಾದ ಸಮುದಾಯ, ಬೀದಿ, ಸಾವು, ಹಬ್ಬ – ತಮಟೆಯ ಚರಿತ್ರೆಯೂ ಇದೇ. ಈ ಎರಡು ವಾದ್ಯಗಳು ಒಂದೇ ಸಂಕಟದ ಕೂಸುಗಳು. ಚೆನ್ನೈಯಲ್ಲಿ 2018ರ ಜನವರಿಯಲ್ಲಿ ಮೊದಲ ಕಛೇರಿ ಕೊಟ್ಟ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಈ ಬಳಗದ ಸಂಬಂಧವನ್ನು ಅರಿತೇ ತಮಿಳರ ಚರ್ಮವಾದ್ಯ ಪರೈಯನ್ನೂ ಬೀದಿಹಾಡು ಗಾನಾವನ್ನೂ ಡ್ರಮ್ ಕಿಟ್ಟಿನ ಪಕ್ಕಕ್ಕೆ ತಂದಿತು. ನುಡಿಸುವವರು, ಬರೆಯುವವರು, ಹಾಡುವವರು ಅಲ್ಲಿ ಒಂದೇ ಕೂಟದಿಂದ ಬಂದರು. ಸಿಟ್ಟು ಪದದಲ್ಲಿ ಮಾತ್ರವಲ್ಲ, ಪೆಟ್ಟಿನಲ್ಲೂ ಇತ್ತು.

ನಮ್ಮಲ್ಲಿ ಇದರ ಬೀಜ ಇಲ್ಲದಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಮಾಗಡಿ ಸೀಮೆಯ ಮಂಚನಬೆಲೆಯ ಕವಿ ಸಿದ್ಧಲಿಂಗಯ್ಯನವರ ಪದಗಳು ಹಳ್ಳಿ ಹಳ್ಳಿ ತಿರುಗಿದ್ದೇ ಬಾರಿಸುವವರ, ಕೈ ತಟ್ಟುವವರ ನಡೆಯ ಮೇಲೆ. ‘ಸ್ವರಾತ್ಮ’ದಲ್ಲಿ ಲಯಕ್ಕೆ ಇಬ್ಬರಿದ್ದರು: ತಾಳವಾದ್ಯಗಳಿಗೆ ಪವನ್ ಕುಮಾರ್ ಕೆ.ಜೆ., ಡ್ರಮ್ಸ್‌ಗೆ ಮಾಂಟ್ರಿ ಮ್ಯಾನ್ಯುಯೆಲ್. ಈ ಜೋಡಿಯಿಂದಲೇ ಆ ತಂಡದ ಲಯ ಉಳಿದವರಿಗಿಂತ ತುಂಬಿಕೊಂಡು ಕೇಳುತ್ತಿತ್ತು. ಮಾಂಟ್ರಿ ಬಿಸಾಡಿದ ವಸ್ತುಗಳಿಂದ ವಾದ್ಯ ಮಾಡಿ ‘ತಾಳವಟ್ಟಂ’ ಕಟ್ಟಿದರು. ಡ್ರಮ್ಮರ್ ಒಬ್ಬ ತನ್ನ ನಾದವನ್ನು ತಾನೇ ಹುಡುಕಿಕೊಂಡು ಹೊರಟ ಅಪರೂಪದ ಉದಾಹರಣೆ ಅದು.

ಉಳಿದ ಡ್ರಮ್ಮರ್‌ಗಳ ಬದುಕು ಹೇಗೆ? ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಬೆಳೆದ ಹುಡುಗನಿಗೆ ಲಯ ಕಲಿಸಬೇಕಾಗಿಲ್ಲ. ಅವನಿಗೆ ಸಿಗುವ ಮೊದಲ ವೇದಿಕೆ ಗಣೇಶೋತ್ಸವದ, ರಾಜ್ಯೋತ್ಸವದ ಆರ್ಕೆಸ್ಟ್ರಾ. ಅಲ್ಲಿ ರಿದಮ್ ಪ್ಯಾಡ್ ಮುಂದೆ ನಿಂತು ಹಳೆಯ ಹಾಡುಗಳನ್ನು ಇದ್ದಂತೆ ಒಪ್ಪಿಸಬೇಕು. ಹೊಸದೇನಾದರೂ ಬಾರಿಸಿದರೆ ಹಾಡುವವರು ತಿರುಗಿ ನೋಡುತ್ತಾರೆ. ಸೀಸನ್ ಮುಗಿದರೆ ರಿಸೆಪ್ಷನ್, ಅದೂ ಇಲ್ಲದಿದ್ದರೆ ಬೇರೆ ಕೆಲಸ. ವಿಮಾನ ನಿಲ್ದಾಣದ ರಸ್ತೆಯ ಎಂಬಸಿ ರೈಡಿಂಗ್ ಸ್ಕೂಲ್ ಮೈದಾನದಲ್ಲಿ ಎನ್‌ಎಚ್7 ವೀಕೆಂಡರ್, ಎಕೋಸ್ ಆಫ್ ಅರ್ತ್‌ನಂಥ ದೊಡ್ಡ ಉತ್ಸವಗಳು ನಡೆದಿವೆ. ಅದೇ ರಸ್ತೆ ಹಿಡಿದು ಇನ್ನಷ್ಟು ಮುಂದೆ ಹೋದರೆ ಸಿಗುವ ಊರುಗಳ ಬಾರಿಸುವ ಕೈಗಳಿಗೆ ಆ ವೇದಿಕೆಯ ಮೆಟ್ಟಿಲು ಇನ್ನೂ ಎತ್ತರ.

ಹಕ್ಕಿನ ವಿಷಯವೂ ಇದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಗೀತರಚನೆಕಾರರ, ಸಂಯೋಜಕರ ರಾಯಧನವನ್ನು ಗಟ್ಟಿ ಮಾಡಿತು. ಆದರೆ ಹಾಡಿನ ಲಯ ಕಟ್ಟಿದವನನ್ನು ಸಂಯೋಜಕನೆಂದು ನಮೂದಿಸುವುದು ಬ್ಯಾಂಡಿನವರ ಮನಸ್ಸಿಗೆ ಬಿಟ್ಟದ್ದು. ಅಮೆರಿಕದ ಆರ್‌ಇಎಂ ತಂಡ ಈ ವಿಷಯದಲ್ಲಿ ಮೇಲ್ಪಂಕ್ತಿ. 1980ರಲ್ಲಿ ಹುಟ್ಟಿದ ಈ ತಂಡ ತನ್ನ ಹಾಡುಗಳಿಗೆ ನಾಲ್ವರ ಹೆಸರನ್ನೂ ಸಮನಾಗಿ ಹಾಕುತ್ತಿತ್ತು. ಲೋಕವೆಲ್ಲ ಕೇಳಿದ ‘ಎವೆರಿಬಡಿ ಹರ್ಟ್ಸ್’ ಹಾಡಿನ ಮೂಲ ಹೊಳೆದದ್ದು ಡ್ರಮ್ಮರ್ ಬಿಲ್ ಬೆರಿಗೆ. 1995ರಲ್ಲಿ ವೇದಿಕೆಯ ಮೇಲೆಯೇ ಮಿದುಳಿನ ರಕ್ತನಾಳ ಒಡೆದು, ಬದುಕುಳಿದು, 1997ರಲ್ಲಿ ತಂಡ ಬಿಟ್ಟು ಬೇಸಾಯಕ್ಕಿಳಿದ ಈತ ಹೊರಟ ಮೇಲೆ, ಹೋದದ್ದು ತಾಳವೊಂದೇ ಅಲ್ಲ, ಹಾಡು ಕಟ್ಟುವ ಒಂದು ತಲೆಯೂ ಹೋಯಿತೆಂದು ಕೇಳುಗರಿಗೆ ತಿಳಿಯಿತು. ಕೆನಡಾದ ರಷ್ ತಂಡದ ಸಾಹಿತ್ಯವನ್ನು ಬಹುಪಾಲು ಬರೆದವರೂ ಅದರ ಡ್ರಮ್ಮರ್ ನೀಲ್ ಪೀರ್ಟ್. ಪೆಟ್ಟು ಬಲ್ಲವರಿಗೆ ಪದ ಎಲ್ಲಿ ಬೀಳಬೇಕೆಂಬುದು ಗೊತ್ತಿರುತ್ತದೆ.

ಕನ್ನಡಕ್ಕೆ ಅಂಥ ಡ್ರಮ್ಮರ್-ಗೀತಕಾರ ಬೇಕು. ಅವನೋ ಅವಳೋ ಬರೆಯಲು ವಸ್ತುವಿಗೆ ಬರವಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು 1,777 ಎಕರೆ ಭೂಮಿ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವಂತೆ ಮಾಡಿದರು. ಇಂಥ ಮಣ್ಣಿನಿಂದ ಹೊಸ ಪದ ಹುಟ್ಟದೆ ಮತ್ತೆ ಮತ್ತೆ ಶರೀಫರ ಮನೆ ಬಾಗಿಲನ್ನೇ ತಟ್ಟುತ್ತಿದ್ದರೆ, ಶರೀಫರಿಗೂ ಅದು ಗೌರವವಲ್ಲ. ಅವರು ತಮ್ಮ ಕಾಲದ ಮಾತಿನಲ್ಲಿ ತಮ್ಮ ಕಾಲಕ್ಕೆ ಹಾಡಿದವರು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಆಲ್ಬಂನ ಮೇಲೆ ಲಯ ಕಟ್ಟಿದವರ ಹೆಸರು ಸಂಯೋಜಕರ ಸಾಲಿನಲ್ಲಿ ಬರಲಿ. ತಮಟೆಯವರು ಹಾಡು ಹುಟ್ಟುವ ಮೊದಲ ದಿನವೇ ಅಭ್ಯಾಸದ ಕೋಣೆಯಲ್ಲಿ ಇರಲಿ. ಕೊನೆಯ ದಿನ ಮೆರುಗಿಗೆಂದು ಬರುವುದು ಬೇಡ. ಅವರ ವರಸೆಗೆ ತಕ್ಕ ಪದವನ್ನು ಬ್ಯಾಂಡಿನವರು ಬರೆಯಲಿ, ಅವರ ಏರಿಕೆಗೆ ಕ್ಲಿಕ್ ಆಫ್ ಆಗಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಈ ಸೀಮೆಯ ವರಸೆಗಳನ್ನು ಡ್ರಮ್ಮರ್‌ಗಳು ಕಲಿಯುವಂತೆ ದಾಖಲಿಸಲಿ, ಕಲಿಸಿದವರಿಗೆ ಗುರುವಿನ ಸಂಬಳ ಕೊಡಲಿ. ತತ್ವಪದದಿಂದ ಈ ಪಂಥಕ್ಕೆ ಕನ್ನಡದ ನಾಲಿಗೆ ಬಂದಿದೆ. ಬಾರಿಸುವವರನ್ನು ಬರೆದವರೆಂದು ಒಪ್ಪಿಕೊಂಡ ದಿನ ಅದಕ್ಕೆ ಕನ್ನಡದ ಕೈಯೂ ಬರುತ್ತದೆ. ಇದನ್ನು ಸ್ವಂತ ಪಂಥವೆಂದು ಕರೆಯುವ ಹಕ್ಕು ನಮಗೆ ಸಿಗುವುದೂ ಆಗಲೇ.