ಜೋಳವೋ, ಮುಸುಕಿನ ಜೋಳವೋ?

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟವರಿಗೆ ಅನಂತಶಯನಗುಡಿಯ ತರುವಾಯ ಮಲಪನಗುಡಿ ಸಿಕ್ಕುತ್ತದೆ. ಹಂಪಿಗೆ ಧಾವಿಸುವ ಪ್ರವಾಸಿಗಳಲ್ಲಿ ಇಲ್ಲಿ ಇಳಿದು ನೋಡುವವರು ವಿರಳ. ಆದರೆ ಸುಮಾರು 1520ರ ವೇಳೆಗೆ ವಿಜಯನಗರವನ್ನು ಕಣ್ಣಾರೆ ಕಂಡ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಈ ದಾರಿಯನ್ನು ಲಘುವಾಗಿ ಕಾಣಲಿಲ್ಲ. ದೊರೆ ಕಟ್ಟಿಸಿದ ಹೊಸ ಪಟ್ಟಣದಿಂದ ರಾಜಧಾನಿಯವರೆಗೂ ಮನೆಗಳು, ಅಂಗಡಿಗಳು, ದಾರಿಹೋಕರ ನೆರಳಿಗೆಂದು ನೆಡಿಸಿದ ಸಾಲುಮರಗಳು ಇದ್ದುವೆಂದು ಆತ ಬರೆದಿಟ್ಟಿದ್ದಾನೆ. ಮಲಪನಗುಡಿಯ ಹಾದಿ ಹೇಗಿತ್ತೆಂಬುದಕ್ಕೆ ನಮಗೆ ಸಿಕ್ಕಿರುವ ಸೊಗಸಾದ ಸಾಕ್ಷ್ಯ ಹೀಗೆ ಪೋರ್ತುಗೀಸ್ ಭಾಷೆಯಲ್ಲಿದೆ. ಅದರ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನಾವು ಓದುವುದು ಮಾತ್ರ ಇಂಗ್ಲಿಷಿನಲ್ಲಿ.

ಈ ಇಂಗ್ಲಿಷ್ ಓದಿನ ಚರಿತ್ರೆ ಬಹುಮಟ್ಟಿಗೆ ಒಂದೇ ಪುಸ್ತಕದ ಚರಿತ್ರೆ. ಪಾಯೆಸನ ವರದಿಯನ್ನೂ, ಅವನ ನಂತರ ಬಂದು ಮೂರು ವರ್ಷ ಇಲ್ಲಿದ್ದ ಫೆರ್ನಾವ್ ನೂನಿಸನ ಇತಿಹಾಸವನ್ನೂ ದಾವಿದ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮದ್ರಾಸ್ ಸಿವಿಲ್ ಸರ್ವೀಸಿನ ರಾಬರ್ಟ್ ಸ್ಯೂಯೆಲರು ಅವೆರಡನ್ನೂ ಇಂಗ್ಲಿಷಿಗೆ ತಂದು, 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಎಂಬ ಗ್ರಂಥದಲ್ಲಿ ಸೇರಿಸಿದರು. ಮರೆತುಹೋದುದನ್ನು ನೆನಪಿಗೆ ತಂದ ಆ ಪುಸ್ತಕದ ಋಣ ಕನ್ನಡಿಗರ ಮೇಲೆ ದೊಡ್ಡದು. ಕಾದಂಬರಿಕಾರರು, ನಾಟಕಕಾರರು, ಪಠ್ಯಪುಸ್ತಕ ಬರೆಯುವವರು, ಹಂಪಿಯ ಮಾರ್ಗದರ್ಶಿಗಳು, ಎಲ್ಲರೂ ನೀರು ಸೇದಿರುವುದು ಈ ಬಾವಿಯಲ್ಲೇ. ವಿದೇಶೀಯರ ಬರಹಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಕನ್ನಡಕ್ಕೆ ತಂದ ಎಚ್. ಎಲ್. ನಾಗೇಗೌಡರ ಶ್ರಮ ಅಸಾಧಾರಣವಾದುದು; ಅವರಿಗೂ ಒದಗಿದ ದಾರಿ ಇಂಗ್ಲಿಷಿನದೇ.

ಇದರಿಂದ ಏನು ನಷ್ಟವೆಂದು ವಾಚಕರು ಕೇಳಬಹುದು. ಒಂದು ಸಣ್ಣ ಉದಾಹರಣೆ ಸಾಕು. ಈ ಸೀಮೆಯ ಬೆಳೆಗಳನ್ನು ಹೇಳುವಾಗ ಪಾಯೆಸ್ ಅಕ್ಕಿಯ ಜೊತೆಗೆ 'ಮಿಲ್ಯು ಸಬುರ್ರು' ಎಂಬುದನ್ನು ಹೆಸರಿಸುತ್ತಾನೆ. ಸ್ಯೂಯೆಲರ ಇಂಗ್ಲಿಷಿನಲ್ಲಿ ಅದು 'ಇಂಡಿಯನ್ ಕಾರ್ನ್' ಆಗಿದೆ. ಇಂದಿನ ಓದುಗನಿಗೆ ಇಂಡಿಯನ್ ಕಾರ್ನ್ ಎಂದರೆ ಮುಸುಕಿನ ಜೋಳ. ಅದು ಅಮೆರಿಕಾ ಖಂಡದ ಬೆಳೆ. ಕೊಲಂಬಸ್ ಆ ಖಂಡವನ್ನು ಮುಟ್ಟಿದ್ದು 1492ರಲ್ಲಿ. ಮೂವತ್ತು ವರ್ಷ ತುಂಬುವುದರೊಳಗೆ ತುಂಗಭದ್ರೆಯ ದಡದಲ್ಲಿ ಮುಸುಕಿನ ಜೋಳ ತೂಗಾಡುತ್ತಿತ್ತೆಂದು ನಂಬಬೇಕಾಗುತ್ತದೆ. ಪೋರ್ತುಗೀಸರ ಆ ಹಳೆಯ ಮಾತು ಬೇರೆ ಧಾನ್ಯಕ್ಕೂ ಸಲ್ಲುತ್ತಿತ್ತು. ಇಲ್ಲಿ ಅದು ನಮ್ಮ ಬಿಳಿಜೋಳವೇ ಆಗಿರಬೇಕೆಂಬುದಕ್ಕೆ ಬಳ್ಳಾರಿ ಸೀಮೆಯ ರೊಟ್ಟಿ ತಿಂದವರ ಒಪ್ಪಿಗೆ ಸಾಕು.

ಅದೇ ವಾಕ್ಯದಲ್ಲಿ ಇನ್ನೊಂದು ಮಾತಿದೆ: 'ಗ್ರಾಂವ್'. ಇಂಗ್ಲಿಷಿನಲ್ಲಿ ಅದು ಬರಿಯ 'ಧಾನ್ಯಗಳು' ಆಗಿಬಿಟ್ಟಿದೆ. ಅದನ್ನು ಮನುಷ್ಯರೂ ತಿನ್ನುತ್ತಾರೆ, ಬಾರ್ಲಿ ಇಲ್ಲದಿರುವುದರಿಂದ ಕುದುರೆಗಳಿಗೂ ಹಾಕುತ್ತಾರೆ ಎಂದು ಪಾಯೆಸ್ ಮುಂದುವರಿಸುತ್ತಾನೆ. ಕುದುರೆಗೆ ಹಾಕುವ ಕಾಳು ಯಾವುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಹುರುಳಿ. ಇಂಗ್ಲಿಷಿನ 'ಗ್ರಾಮ್' ಎಂಬ ಕಾಳಿನ ಹೆಸರು ಹುಟ್ಟಿದ್ದೇ ಈ ಪೋರ್ತುಗೀಸ್ ಮಾತಿನಿಂದ. ದೊರೆಯು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಸ್ ಬರೆಯುತ್ತಾನೆ. ಅಷ್ಟು ಕುದುರೆಗಳ ಹಿಂದೆ ಎಷ್ಟು ಹುರುಳಿಹೊಲಗಳು ಇದ್ದಿರಬೇಕು! ಸಾಮ್ರಾಜ್ಯದ ಬೇಸಾಯದ ಒಂದು ಅಧ್ಯಾಯವೇ 'ಧಾನ್ಯಗಳು' ಎಂಬ ಸಪ್ಪೆ ಮಾತಿನಲ್ಲಿ ಮುಚ್ಚಿಹೋಗಿದೆ. ಹಳ್ಳಿಯ ಕನ್ನಡವನ್ನೂ ಪೋರ್ತುಗೀಸನ್ನೂ ಬಲ್ಲ ಒಬ್ಬ ಹುಡುಗಿ ಇದನ್ನು ಹತ್ತು ನಿಮಿಷದಲ್ಲಿ ಬಿಚ್ಚಿಡಬಲ್ಲಳು.

ಭಾಷೆ ಕಲಿತರೆ ಪ್ರವಾಸಿಯ ಮಾತನ್ನೆಲ್ಲ ನಂಬಬೇಕೆಂದಲ್ಲ. ಅವನೊಡನೆ ಜಗಳವಾಡಲೂ ಭಾಷೆ ಬೇಕು. ನಾಗಲಾಪುರದ, ಎಂದರೆ ಇಂದಿನ ಹೊಸಪೇಟೆಯ, ಕೆರೆಯನ್ನು ಕಟ್ಟುವಾಗ ಜೊವಾವ್ ದೆಲ್ಲ ಪೊಂತೆ ಎಂಬ ಕಲ್ಲುಕೆಲಸದವನು ಸುಣ್ಣ ಸುಡಬೇಕೆಂದಾಗ ದೊರೆ ನಕ್ಕನೆಂದೂ, ಈ ನಾಡಿನವರಿಗೆ ಮನೆ ಕಟ್ಟಲು ಸುಣ್ಣ ಬಳಸುವುದೇ ಗೊತ್ತಿಲ್ಲವೆಂದೂ ನೂನಿಸ್ ಹೇಳುತ್ತಾನೆ. ಹಂಪಿಯ ಗೋಪುರಗಳ ಮೇಲೆ ಇಂದಿಗೂ ಉಳಿದಿರುವ ಗಾರೆಯ ಬೊಂಬೆಗಳನ್ನು ನೋಡಿದ ಯಾರೂ ಈ ಮಾತಿಗೆ ತಲೆದೂಗಲಾರರು. ನೂನಿಸನಿಗೆ ತಪ್ಪು ತಿಳಿಯಿತೋ, ಅಣೆಕಟ್ಟಿನ ಕಲ್ಲುಗಳ ನಡುವೆ ಸುಣ್ಣ ಹಾಕುವ ವಿಚಾರವನ್ನು ಎಲ್ಲ ಕಟ್ಟಡಗಳಿಗೂ ಹಿಗ್ಗಿಸಿದನೋ? ಮೂಲದ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡದೆ ಇದಕ್ಕೆ ಉತ್ತರವಿಲ್ಲ. ಆ 'ದೆಲ್ಲ' ಕೂಡ ಕುತೂಹಲದ್ದೇ. ಅಪ್ಪಟ ಪೋರ್ತುಗೀಸಾಗಿದ್ದರೆ 'ದ ಪೊಂತೆ' ಎನ್ನಬೇಕಿತ್ತು. ಆ ಮೇಸ್ತ್ರಿ ಇಟಲಿಯವನೋ ಸ್ಪೇನಿನವನೋ ಎಂದು ಯಾರಾದರೂ ಬೆನ್ನು ಹತ್ತಬಹುದು.

ಇಲ್ಲಿ ಸ್ಪ್ಯಾನಿಷ್ ಭಾಷೆಯ ಪ್ರಸಂಗವೂ ಬರುತ್ತದೆ. ವಿಜಯನಗರದಲ್ಲಿ ಯಾವ ಮತದವನಾದರೂ ಅಡ್ಡಿಯಿಲ್ಲದೆ ಬಾಳಬಹುದೆಂಬ ಮಾತನ್ನು ನಮ್ಮ ಭಾಷಣಕಾರರು ಮರೆಯದೆ ಉಲ್ಲೇಖಿಸುತ್ತಾರೆ. ಅದು ದುವಾರ್ತೆ ಬಾರ್ಬೊಸನದು. ಅವನ ಪುಸ್ತಕ ಇಂಗ್ಲಿಷಿಗೆ 1866ರಲ್ಲಿ ಬಂದದ್ದು ಬಾರ್ಸಿಲೋನಾದಲ್ಲಿದ್ದ ಸ್ಪ್ಯಾನಿಷ್ ಹಸ್ತಪ್ರತಿಯಿಂದ. ಡೇಮ್ಸ್ ಅವರು 1918 ಮತ್ತು 1921ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ್ದು ಪೋರ್ತುಗೀಸ್ ಪಾಠದಿಂದ. ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಕನ್ನಡಿಗರು ಎಷ್ಟು ಮಂದಿ?

ಅತ್ತ ಕಡೆಯವರು ನಮ್ಮತ್ತ ನಡೆದು ಬಂದದ್ದುಂಟು. 1888ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ, ಮುಂಬಯಿಯ ಸೇಂಟ್ ಜೇವಿಯರ್ ಕಾಲೇಜಿನಲ್ಲಿ ಪಾಠ ಹೇಳಿ, 1926ರಲ್ಲಿ ಅಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, 1955ರಲ್ಲಿ ಮುಂಬಯಿಯಲ್ಲೇ ಕಣ್ಣು ಮುಚ್ಚಿದ ಪಾದ್ರಿ ಹೆನ್ರಿ ಹೆರಾಸರು 1927ರಲ್ಲಿ ಅರವೀಡು ವಂಶದ ಇತಿಹಾಸವನ್ನು ಬರೆದರು. ಚಂದ್ರಗಿರಿಯ ಆಸ್ಥಾನವನ್ನು ಕಂಡ ಜೆಸೂಟರ ಕಾಗದಗಳನ್ನು ಅವರು ಮೂಲದಲ್ಲೇ ಓದಬಲ್ಲವರಾಗಿದ್ದುದೇ ಆ ಗ್ರಂಥದ ಬಲ. 1929ರ ಪುಸ್ತಕದಲ್ಲಿ, ವಿದ್ಯಾರಣ್ಯರು ರಾಜ್ಯವನ್ನು ಸ್ಥಾಪಿಸಿದರೆಂಬ ಕಥೆ ಬಹು ಕಾಲದ ಮೇಲೆ ಹುಟ್ಟಿಸಿದ್ದೆಂದು ಅವರು ವಾದಿಸಿದರು. ನಮ್ಮಲ್ಲಿ ಹಲವರಿಗೆ ಸಿಟ್ಟು ಬಂತು. ಶಾಸನಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಅವರಿಗೆ ಸರಿಸಾಟಿಯಾಗಿ ನಿಂತರು. ಐಬೀರಿಯಾದ ಕಾಗದಪತ್ರಗಳ ವಿಷಯದಲ್ಲಿ ಅವರ ಮಾತನ್ನು ಅವರಿಂದಲೇ ಕೇಳಬೇಕಾಗಿತ್ತು. ಈ ಅಸಮತೆ ಇಂದಿಗೂ ಹೆಚ್ಚೇನೂ ತಗ್ಗಿಲ್ಲ.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷನ್ನು ಪದವಿಯ ಪ್ರಧಾನ ವಿಷಯವಾಗಿ ಓದಬಹುದು. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ತುಗೀಸ್ ಕಲಿಸುತ್ತಾರೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇಂಥ ವಿಷಯ ಎತ್ತಿದರೆ ಮೊದಲು ಬರುವ ಪ್ರಶ್ನೆ ಸಂಬಳದ್ದು. ಅದು ಕೀಳು ಪ್ರಶ್ನೆಯಲ್ಲ. ಇಪ್ಪತ್ತು ದೇಶಗಳಲ್ಲಿ ಅಧಿಕೃತವಾದ ಭಾಷೆ ಅನ್ನ ಕೊಡದೆ ಇರುವುದಿಲ್ಲ. ಹಾಗೆ ಕಲಿತವರು ಕಂಪನಿಗಳಲ್ಲಿ ಕೆಲಸ ಹಿಡಿದರೆ ಆಕ್ಷೇಪಿಸುವವರಾರು? ಆದರೆ ಅವರಲ್ಲಿ ನೂರಕ್ಕೊಬ್ಬರಾದರೂ ಹಸ್ತಪ್ರತಿಯ ಕಡೆಗೆ ತಿರುಗಬೇಕಾದರೆ ಅವರನ್ನು ಕರೆಯುವ ಸ್ಥಳವೊಂದು ಬೇಕು. 1991ರಲ್ಲಿ ಹಂಪಿಯ ಹೆಸರಿನಲ್ಲೇ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯಕ್ಕೆ ಮಲಪನಗುಡಿಯಿಂದ ಬಹಳ ದೂರವಿಲ್ಲ. ಪಾಯೆಸ್, ನೂನಿಸ್, ಬಾರ್ಬೊಸರನ್ನು ಮೂಲದಿಂದ ನೇರವಾಗಿ ಕನ್ನಡಕ್ಕೆ ತರುವುದಕ್ಕೆ ಅದಕ್ಕಿಂತ ಯೋಗ್ಯವಾದ ಮನೆ ಯಾವುದು?

ಸಾಹಿತ್ಯದ ಕಥೆಯೂ ಇದೇ. ನೆರೂಡ, ಬೋರ್ಹೆಸ್, ಮಾರ್ಕ್ವೆಸ್ ಮೊದಲಾದವರನ್ನು ನಮ್ಮ ಲೇಖಕರು ಪ್ರೀತಿಯಿಂದ ಓದಿದ್ದಾರೆ, ಅನುವಾದಿಸಿದ್ದಾರೆ. ಬಹುಪಾಲು ಇಂಗ್ಲಿಷಿನ ಕಿಟಕಿಯಿಂದಲೇ. ಮೆಕ್ಸಿಕೋದಿಂದ ಬಂದ ಮೆಣಸಿನಕಾಯಿ, ದಕ್ಷಿಣ ಅಮೆರಿಕಾದಿಂದ ಬಂದ ಶೇಂಗಾ ನಮ್ಮ ಅಡಿಗೆಮನೆಯಲ್ಲಿ ಮನೆಮಕ್ಕಳಾಗಿವೆ. ಪಗಾರ, ಚಾವಿ, ಪಾದ್ರಿ, ಅನಾನಸು ಎಂಬ ಮಾತುಗಳು ಪೋರ್ತುಗೀಸರ ಹಡಗಿನಿಂದ ಇಳಿದು ನಮ್ಮ ನಾಲಗೆಯೇರಿವೆ. ಇಂಗ್ಲಿಷರನ್ನು ಕೇಳದೆಯೇ ನಾವು ಅವನ್ನು ಬರಮಾಡಿಕೊಂಡೆವು. ಇಂದು ಮಲಪನಗುಡಿಯ ಸುತ್ತಲಿನ ಸೀಮೆಯಲ್ಲಿ ಮುಸುಕಿನ ಜೋಳ ನಿಜವಾಗಿಯೂ ಬೆಳೆಯುತ್ತದೆ. ಪಾಯೆಸನ ಇಂಗ್ಲಿಷ್ ಪುಟ ಹಿಡಿದು ಆ ಹೊಲಗಳನ್ನು ನೋಡುವವನಿಗೆ ಅದು 1520ರಿಂದಲೂ ಇದ್ದಂತೆಯೇ ಕಾಣುತ್ತದೆ.