ಹೆಸರು ಯಾರದು, ಕೈ ಯಾರದು?

ಈ ಕೃತಿ ಯಾರದು ಎಂದು ವಿಮರ್ಶಕ ಕೇಳುತ್ತಾನೆ. ಇದರ ಹಕ್ಕು ಯಾರದು ಎಂದು ಕಾನೂನು ಕೇಳುತ್ತದೆ. ಎರಡು ಪ್ರಶ್ನೆಗಳ ಬೆನ್ನಿಗೂ ಇರುವುದು ಒಂದೇ ನಂಬಿಕೆ: ಕೃತಿ ಎಂದರೆ ಒಬ್ಬ ಅಕ್ಷರಸ್ಥ ಒಂಟಿಯಾಗಿ ಕೂತು ಮಾಡಿ, ಕೆಳಗೆ ರುಜು ಹಾಕಿದ್ದು. ರುಜು ಇಲ್ಲದ್ದು ಯಾರದೂ ಅಲ್ಲ. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ದಲಿತರು ತಲೆಮಾರುಗಳಿಂದ ಮಾಡಿದ್ದು, ಹಾಡಿದ್ದು ಬಹುಪಾಲು ಈ ರುಜುವಿಲ್ಲದ ಕಡೆಯೇ ಬಿದ್ದಿದೆ. ಆದ್ದರಿಂದ ಬೌದ್ಧಿಕ ಆಸ್ತಿಯ ಹಕ್ಕು ವಕೀಲರ ಉಸಾಬರಿ ಎಂದು ದಲಿತ ವಿಮರ್ಶೆ ಸುಮ್ಮನಿರುವಂತಿಲ್ಲ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಹೊಸ ಉಡುಪುಗಳ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಲ್ಲಿ ಇದ್ದದ್ದು ಕೊಲ್ಹಾಪುರಿ ಮೆಟ್ಟಿನ ಪಡಿಯಚ್ಚು. ಕಂಪನಿ ಅದಕ್ಕೆ ಕೊಟ್ಟ ಹೆಸರು ಬರೇ ‘ಚರ್ಮದ ಚಪ್ಪಲಿ’. ಗದ್ದಲ ಎದ್ದ ಮೇಲೆ, ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಹೌದು ಎಂದು ಒಪ್ಪಿಕೊಂಡಿತು. ಇಲ್ಲಿ ‘ಭಾರತದ ಪರಂಪರೆ ಕದ್ದರು’ ಎಂಬ ಕೂಗೆದ್ದಿತು. ಇರ್ಲಿ. ಆದರೆ ಆ ಮೆಟ್ಟು ಹೊಲಿದವರನ್ನು ಹೊಸ್ತಿಲಾಚೆ ನಿಲ್ಲಿಸಿದ್ದೂ ಇದೇ ಭಾರತವಲ್ಲವೆ? ಮೆಟ್ಟು ಪರಂಪರೆ, ಮೆಟ್ಟು ಹೊಲಿದವನು ಮೈಲಿಗೆ. ಈ ಲೆಕ್ಕ ಹ್ಯಾಗೆ ಕೂಡುತ್ತದೆ?

ಕಾನೂನು ಏನು ಹೇಳುತ್ತದೆ, ನೋಡೋಣ. ಪುಸ್ತಕಕ್ಕೆ, ಹಾಡಿಗೆ ಕೃತಿಸ್ವಾಮ್ಯ. ಅದಕ್ಕೆ ಕರ್ತೃ ಬೇಕು. ವಸ್ತುವಿನ ವಿನ್ಯಾಸಕ್ಕೂ ನೋಂದಣಿ ಉಂಟು, ಆದರೆ ವಿನ್ಯಾಸ ಹೊಸದಾಗಿರಬೇಕು. ಅಪ್ಪ ಅಜ್ಜನ ಕಾಲದ್ದು ಎಂದ ಕೂಡಲೇ ಆ ಬಾಗಿಲು ಮುಚ್ಚಿತು. ಉಳಿದದ್ದು ಭೌಗೋಳಿಕ ಸೂಚಕ. 1999ರಲ್ಲಿ ಆದ ಈ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಅದರಡಿ 2019ರಲ್ಲಿ ಕೊಲ್ಹಾಪುರಿ ಚಪ್ಪಲಿ ನೋಂದಣಿಯಾಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ: ಹೀಗೆ ಎಂಟು ಜಿಲ್ಲೆಗಳ ಹಕ್ಕು ಅದು. ಅಥಣಿ, ನಿಪ್ಪಾಣಿಯ ಕಡೆಯ ಸಮಗಾರರು ಮಾಡಿದ ಮೆಟ್ಟು ಕೊಲ್ಹಾಪುರದ ಪೇಟೆಯಲ್ಲಿ ಮಾರಿ ಕೊಲ್ಹಾಪುರಿಯಾಯಿತು. ಅಂದರೆ ಹೆಸರು ಹೊತ್ತದ್ದು ಪೇಟೆ, ಕೇರಿ ಅಲ್ಲ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಈ ಹಕ್ಕು ಕಾಯುವುದು ಮುಖ್ಯವಾಗಿ ಹೆಸರನ್ನು, ಆಕಾರವನ್ನಲ್ಲ. ‘ಕೊಲ್ಹಾಪುರಿ’ ಎಂದು ಬಾಯಿ ಬಿಡದೆ ಅದೇ ಆಕಾರ ಮಾರುವವನನ್ನು ಹಿಡಿಯುವುದು ಕಷ್ಟ. ಎರಡನೆಯದು, ನೋಂದಣಿಯ ಒಡೆತನ ಇರುವುದು ಎರಡು ಸರಕಾರಿ ನಿಗಮಗಳ ಹೆಸರಿನಲ್ಲಿ: ಮಹಾರಾಷ್ಟ್ರದ ಸಂತ ರೋಹಿದಾಸ ನಿಗಮ, ಕರ್ನಾಟಕದ ಲಿಡ್ಕರ್. ಪ್ರಾಡಾ ವಿರುದ್ಧ ವಕೀಲರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟು 2025ರ ಜುಲೈಯಲ್ಲಿ ವಜಾ ಮಾಡಿತು. ಕೇಳಬೇಕಾದವರು ನೋಂದಾಯಿತ ಒಡೆಯರು ಎಂಬುದೇ ಕಾರಣ. ಅದೇ ಡಿಸೆಂಬರ್‌ನಲ್ಲಿ ಕಂಪನಿಗೂ ಈ ಎರಡು ನಿಗಮಗಳಿಗೂ ಒಪ್ಪಂದವಾಯಿತು. 2,000 ಜೊತೆ ಚಪ್ಪಲಿ ಇಲ್ಲೇ ಮಾಡಿಸಿ, ಜೊತೆಗೆ ಸುಮಾರು 800 ಯೂರೊದಂತೆ ಮಾರುವುದಾಗಿ ಕಂಪನಿ ಹೇಳಿತು. ಆ 800ರಲ್ಲಿ ರಂಪಿಗೆ ಹಿಡಿದ ಕೈಗೆ ಎಷ್ಟು? ಜಡೆ ಹೆಣೆದು ಮೇಲ್ಪಟ್ಟಿ ಹೊಲಿಯುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಅವರ ಹೆಸರು ಯಾವ ಕಾಗದದಲ್ಲಿ ಉಂಟು? ಈ ಪ್ರಶ್ನೆಯನ್ನು ಮಿಲಾನ್‌ಗೆ ಕೇಳಿದಷ್ಟೇ ಗಟ್ಟಿಯಾಗಿ ಬೆಂಗಳೂರಿಗೂ ಮುಂಬಯಿಗೂ ಕೇಳಬೇಕು.

ಜನರ ನೆನಪು ಕಾನೂನಿಗಿಂತ ದೊಡ್ಡದು ಎನ್ನುವವರುಂಟು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ ಕಥೆಯನ್ನು ಎಂಟು ಶತಮಾನ ದಾಟಿದರೂ ನಾಡು ಮರೆತಿಲ್ಲ, ನಿಜ. ಆದರೆ ನೆನೆದದ್ದು ಹ್ಯಾಗೆ? ತ್ಯಾಗವಾಗಿ. ದುಡಿಮೆಯಾಗಿ ಅಲ್ಲ, ಕಲೆಯಾಗಿ ಅಲ್ಲ. ಚರ್ಮ ಸುಲಿದುಕೊಟ್ಟರೆ ಮಾತ್ರ ದಲಿತನ ಹೆಸರು ಉಳಿಯುವುದಾದರೆ, ಆ ನೆನಪಿನ ಬಗೆಗೂ ವಿಮರ್ಶೆ ಎಚ್ಚರವಾಗಿರಬೇಕು.

ಸಾಹಿತ್ಯಲೋಕ ಇದಕ್ಕಿಂತ ಭಿನ್ನವೇನಲ್ಲ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡಿ ಉಳಿಸಿದವರು ನೀಲಗಾರರು, ಬಹುಮಟ್ಟಿಗೆ ದಲಿತರು. ಜಾನಪದ ಸಂಗ್ರಹಗಳ ಮುಖಪುಟದಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಕಾಣುವುದು ಸಂಪಾದಕರ ಹೆಸರು. ಹಾಡಿದವರು ಒಳಪುಟದ ಕೃತಜ್ಞತೆಯ ಸಾಲಿಗೆ ಸರಿಯುತ್ತಾರೆ. ಗಾಯಕರನ್ನು ಮುಂದೆ ನಿಲ್ಲಿಸಿದ ಸಂಪಾದಕರೂ ಇದ್ದಾರೆ. ಆದರೆ ಅದು ಅವರ ಒಳ್ಳೆಯತನವಾಗಿಯೇ ಉಳಿಯಿತು, ಗಾಯಕರ ಹಕ್ಕಾಗಲಿಲ್ಲ. ‘ಜನಪದ’ ಎಂಬ ಮಾತೇ ಇಲ್ಲಿ ಹೆಸರು ಅಳಿಸುವ ರಬ್ಬರು. ಎಲ್ಲರದು ಎಂದರೆ ಯಾರಿಗೂ ಕೊಡಬೇಕಾದ್ದಿಲ್ಲ.

ಆದರೆ ಕಾನೂನು ಪೂರಾ ಬರಿಗೈಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಕಾವ್ಯಕ್ಕೆ ಕರ್ತೃ ಇಲ್ಲದಿರಬಹುದು. ಈ ರಾತ್ರಿ ಹಾಡಿದವನಿಗೆ ತನ್ನ ಹಾಡಿಕೆಯ ಮೇಲೆ ಹಕ್ಕುಂಟು. ಅವನ ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸಿ ಮಾರುವಂತಿಲ್ಲ. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ, ಹಾಡಿದವರು ಇಂಥವರು ಎಂದು ಗುರುತಿಸಬೇಕೆಂಬ ನೈತಿಕ ಹಕ್ಕನ್ನೂ ಕೊಟ್ಟಿತು. ಇದಕ್ಕೆ ನೋಂದಣಿಯ ಹಂಗೂ ಬೇಕಿಲ್ಲ. ಹಾಗೆಯೇ, ಭೌಗೋಳಿಕ ಸೂಚಕದ ಕಾಯ್ದೆಯಲ್ಲಿ ನಿಗಮ ಒಂದೇ ಹಕ್ಕುದಾರನಲ್ಲ. ಮೆಟ್ಟು ಮಾಡುವವರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಂಡರೆ ಆ ಹೆಸರನ್ನು ಬಳಸುವ ಹಕ್ಕು ಅವರದು, ಹೆಸರಿನ ದುರ್ಬಳಕೆಯಾದರೆ ಪರಿಹಾರ ಕೇಳುವ ಹಕ್ಕೂ ಅವರಿಗುಂಟು. ಸಂಘಟನೆಗಳು ಧಿಕ್ಕಾರ ಕೂಗಿದ ಮೇಲೆ, ಕೇರಿಗೆ ಹೋಗಿ ಈ ಅರ್ಜಿ ತುಂಬಿಸುವ ಕೆಲಸವನ್ನೂ ಮಾಡಬೇಕು.

ಇಲ್ಲೊಂದು ತಕರಾರು ನಮ್ಮೊಳಗಿನಿಂದಲೇ ಏಳುತ್ತದೆ, ಏಳಬೇಕು. ಕುಲಕಸುಬನ್ನು ಬಿಡಿ ಎಂದಲ್ಲವೆ ಬಾಬಾಸಾಹೇಬರು ಹೇಳಿದ್ದು? 1927ರ ಮಹಾಡದ ಸಭೆ ಸತ್ತ ದನ ಹೊರುವುದನ್ನು ನಿಲ್ಲಿಸಿ ಎಂದಿತು. ಜಾತಿ ಎಂಬುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲುಕೆಳಗಾಗಿ ಹಂಚುತ್ತದೆ ಎಂದು 1936ರಲ್ಲಿ ಅಂಬೇಡ್ಕರ್ ತೋರಿಸಿಕೊಟ್ಟರು. ಹಾಗಿರುವಾಗ ಮೆಟ್ಟಿನ ಹಕ್ಕಿಗೆ ಹೊಡೆದಾಡುವುದು ಮಗನನ್ನೂ ಉಳಿ ಮುಂದೆ ಕೂರಿಸುವ ಹುನ್ನಾರವಾಗದೆ?

ಆಗಬಹುದು, ಪರಂಪರೆಯ ಹೆಸರಿನಲ್ಲಿ ಕೇಳಿದರೆ ಖಂಡಿತ ಆಗುತ್ತದೆ. ಆದ್ದರಿಂದಲೇ ನಾವು ಪರಂಪರೆಯ ಹೆಸರಿನಲ್ಲಿ ಕೇಳಬಾರದು, ಬಾಕಿಯ ಹೆಸರಿನಲ್ಲಿ ಕೇಳಬೇಕು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಚರ್ಮ ಹದ ಮಾಡುವ ತಿಳಿವಳಿಕೆ ಬುದ್ಧಿಯ ಕೆಲಸ. ಅದನ್ನು ಬರೀ ಮೈಕೆಲಸ ಎಂದು ಕರೆದು ಬೆಲೆ ಇಳಿಸಿದ್ದು ಜಾತಿ. ಬೆಲೆ ಸಿಕ್ಕರೆ ಮಗಳು ಕಸುಬನ್ನು ಹಿಡಿಯಲೂಬಹುದು, ಬಿಟ್ಟು ಕಾಲೇಜಿಗೆ ಹೋಗಲೂಬಹುದು. ಬಿಡುವ ಸ್ವಾತಂತ್ರ್ಯ ಇಲ್ಲದ ಕಡೆ ಕಸುಬು ಆಸ್ತಿಯಲ್ಲ, ಜೀತ.

ದಲಿತ ವಿಮರ್ಶೆ ತನ್ನ ಕೆಲಸವನ್ನು ಇಲ್ಲಿಂದ ಶುರು ಮಾಡಬಹುದು. ಪದ ಬರೆದುಕೊಳ್ಳುವ ವಿದ್ಯಾರ್ಥಿ ಮೊದಲು ಹಾಡಿದವಳ ಹೆಸರು ಬರೆಯಲಿ, ಒಪ್ಪಿಗೆ ಕೇಳಲಿ. ಪ್ರಕಾಶಕ ಮುಖಪುಟದಲ್ಲಿ ಆಕೆಗೆ ಜಾಗ ಕೊಡಲಿ, ಗೌರವಧನದಲ್ಲಿ ಪಾಲೂ ಕೊಡಲಿ. ವಿಮರ್ಶಕ ಪುಸ್ತಕ ತೂಗುವಾಗ ಇದನ್ನೂ ತಕ್ಕಡಿಗೆ ಹಾಕಲಿ. ಹೊಗಳಿಕೆ ನಮಗೆ ಸಾಕಷ್ಟು ಸಿಕ್ಕಿದೆ. ರಶೀದಿ ಮಾತ್ರ ಇನ್ನೂ ಬಂದಿಲ್ಲ.