ತಿದಿಯ ಚರ್ಮ, ತಂತಿಯ ಕರೆಂಟು

ಕೈಗಾರಿಕಾ ಯುಗದ ವಿಚಾರಗಳು ಅಂದ ಕೂಡಲೇ ನಮ್ಮ ಕನ್ನಡ ವಿಮರ್ಶೆ ಮ್ಯಾಂಚೆಸ್ಟರಿಗೆ ಗಾಡಿ ಕಟ್ಟುತ್ತದೆ. ಅಲ್ಲಿ ಆಡಂ ಸ್ಮಿತ್, ಡಾರ್ವಿನ್, ಮಾರ್ಕ್ಸ್ ಮೂವರಿಗೂ ಕೈಮುಗಿದು, ವಾಪಸ್ಸು ಬರುವಾಗ ಸೇವಾಗ್ರಾಮದಲ್ಲಿ ಇಳಿದು ಒಂದು ಚರಕ ಹೊತ್ತುಕೊಂಡು ಬರುತ್ತದೆ. ಈ ಯಾತ್ರೆಯಲ್ಲಿ ಹಲಗೂರು ಎಲ್ಲೂ ಸಿಗುವುದಿಲ್ಲ. ಸಿಗಬೇಕಿತ್ತು ಎಂಬುದು ನನ್ನ ತಕರಾರು. ಕಬ್ಬಿಣ, ಕರೆಂಟು, ನೀರು ಮೂರನ್ನೂ ಹೊರಗೆ ಕಳಿಸಿದ ಸೀಮೆ ನಮ್ಮದು. ಶಿವನಸಮುದ್ರ ನಮ್ಮ ಮಳವಳ್ಳಿ ತಾಲ್ಲೂಕಿನದೇ. ಶಿಂಷಾ ವಿದ್ಯುದಾಗಾರ ಇನ್ನೂ ಹತ್ತಿರ, 1940ರದು. 1974ರಿಂದ ಬೆಂಗಳೂರಿನ ನಲ್ಲಿಗಳಿಗೆ ಕಾವೇರಿ ಹೋಗುತ್ತಿರುವುದು ಹಲಗೂರಿನ ಮಗ್ಗುಲ ತೊರೆಕಾಡನಹಳ್ಳಿಯಿಂದ. 2024ರಲ್ಲಿ ಅದರ ಐದನೇ ಹಂತವೂ ಶುರುವಾಯಿತು. ಇಷ್ಟೆಲ್ಲ ಹೋದ ದಾರಿಯಲ್ಲಿ ವಿಚಾರಗಳೂ ಹೋಗಿ ಬಂದಿರಲೇಬೇಕಲ್ಲ?

ಮೊದಲು ಕಬ್ಬಿಣ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕುಲುಮೆಗಳನ್ನು ನಿಂತು ನೋಡಿ ಬರೆದುಕೊಂಡ. ಆಮೇಲೆ ಬಂದ ಬಿ.ಎಲ್. ರೈಸ್ ಅವರ ಗೆಜೆಟಿಯರು ಅದಿರು ಕರಗಿಸುವ ತಾಣಗಳ ಸಾಲಿನಲ್ಲಿ ಮಾಗಡಿ, ಹೆಗ್ಗಡದೇವನಕೋಟೆಗಳ ಜೊತೆ ಮಳವಳ್ಳಿಯನ್ನೂ ಹೆಸರಿಸುತ್ತದೆ. ಹಡಗಿನಲ್ಲಿ ಬಂದ ಅಗ್ಗದ ವಿಲಾಯಿತಿ ಕಬ್ಬಿಣ ಒಂದು ಕಡೆ, ಇದ್ದಿಲು ಸುಡಲು ಬಿಡದ ಅರಣ್ಯ ಕಾನೂನು ಇನ್ನೊಂದು ಕಡೆ, ಹೀಗೆ ಆ ಕುಲುಮೆಗಳು ಆರಿಹೋದವು.

ಈ ಬಗೆಯ ಸಾವುಗಳನ್ನು ಕುರಿತು ಕನ್ನಡದವರಲ್ಲಿ ಆಳವಾಗಿ ಯೋಚಿಸಿದವರು ಡಿ.ಆರ್. ನಾಗರಾಜ್. ನೇಕಾರರ ಮನೆಯಿಂದ ಬಂದ ಅವರಿಗೆ ಕುಶಲಕರ್ಮಿ ಸಮುದಾಯಗಳ ತಂತ್ರಜ್ಞಾನದ ಕೊಲೆ ಬರೀ ಪುಸ್ತಕದ ಸಂಗತಿಯಾಗಿರಲಿಲ್ಲ. 1993ರಲ್ಲಿ ಇಂಗ್ಲಿಷಿನಲ್ಲಿ ಬಂದ 'ದಿ ಫ್ಲೇಮಿಂಗ್ ಫೀಟ್' ಪುಸ್ತಕವನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಅವರ ಹಿಂದೆ ಬಂದ ದೇಸೀವಾದಿಗಳು ಆ ಮಾತನ್ನು ಎಳೆದಾಡಿದ ರೀತಿ ನೋಡಿದರೆ ಸಿಟ್ಟು ಬರುತ್ತದೆ. ಕುಲುಮೆಯ ಮುಂದೆ ನಿಂತವನಿಗೆ ಕುಶಲಕರ್ಮಿ ಅಂತ ಹೆಸರು ಕೊಟ್ಟರು, ಸರಿ. ಆ ಬೆಂಕಿಗೆ ಉಸಿರು ಕೊಟ್ಟ ತಿದಿ ಎಲ್ಲಿಂದ ಬಂತು ಸ್ವಾಮಿ? ಅದು ಚರ್ಮ. ಸತ್ತ ದನವನ್ನು ಹೊತ್ತು, ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡಿದವನು ಕೇರಿಯವನು. ಎಷ್ಟು ದಿನ ನೆನೆಯಬೇಕು, ಯಾವಾಗ ತಿರುವಿ ಹಾಕಬೇಕು ಎಂಬುದೆಲ್ಲ ಅಪ್ಪಟ ರಸಾಯನಶಾಸ್ತ್ರವೇ. ಆ ವಿದ್ಯೆ ಸತ್ತದ್ದಕ್ಕೆ ಶೋಕಗೀತೆ ಬರೆದವರು ಕಡಿಮೆ. ಇನ್ನೂ ಒಂದು ಮಾತಿದೆ. ಅವನೂ ಅದಕ್ಕಾಗಿ ಅಳಲಿಲ್ಲ. 'ಹೋಗ್ಲಿ ಬುಡು, ಪೀಡೆ ತೊಲಗ್ತು' ಅಂದುಬಿಟ್ಟ. ಆ ವಿದ್ಯೆಯ ಜೊತೆಗೇ ಅವನಿಗೆ ಅದರ ನಾತವನ್ನೂ, ಊರಾಚೆಯ ಗುಡಿಸಲನ್ನೂ ಕಟ್ಟಿಕೊಟ್ಟಿದ್ದರು. ಹೀಗೆ ಒಂದೇ ಕೈಯಲ್ಲಿ ನಷ್ಟವೂ ಬಿಡುಗಡೆಯೂ ಇದ್ದಾಗ ಬರೀ ನಷ್ಟವನ್ನೇ ಎಣಿಸುವ ವಿಮರ್ಶೆ ಯಾರ ಲೆಕ್ಕ ಬರೆಯುತ್ತಿದೆ?

ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಕಥೆ ಹೇಳಿದ. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ಶ್ರಮವಿಭಜನೆ ಎಂಬ ಈ ಮಾತು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕಕ್ಕೆ ಬಂದಾಗ ಮೇಷ್ಟರುಗಳಿಗೆ ಬಲು ಖುಷಿಯಾಯಿತು. 'ನಮ್ಮಲ್ಲೂ ಇತ್ತು ಕಣ್ರಯ್ಯ, ವರ್ಣ ಅಂದ್ರೆ ಅದೇ' ಎಂದರು. ಈ ವಂಚನೆಯ ಬುಡಕ್ಕೆ ಕೈಹಾಕಿದವರು ಬಾಬಾಸಾಹೇಬರು. 1936ರ 'ಜಾತಿ ವಿನಾಶ'ದಲ್ಲಿ ಅವರು ಹೇಳಿದ್ದರ ಸಾರ ಇದು: ಜಾತಿ ಹಂಚುವುದು ಶ್ರಮವನ್ನಲ್ಲ, ಶ್ರಮಿಕರನ್ನು. ಸೂಜಿ ಕಾರ್ಖಾನೆಯಲ್ಲಿ ತಂತಿ ಎಳೆಯುವವನು ಬೇಸತ್ತರೆ ಇನ್ನೊಂದು ಕೆಲಸ ಕೇಳಬಹುದು, ಮಾಲೀಕ ಕೊಡದಿರಬಹುದು. ಇಲ್ಲಿ ಹಾಗೆ ಕೇಳುವುದೇ ಪಾಪ. ಅಂಬೇಡ್ಕರ್ 1918ರಷ್ಟು ಹಿಂದೆಯೇ ಸಣ್ಣ ಹಿಡುವಳಿಗಳ ಬಗ್ಗೆ ಬರೆಯುತ್ತ, ಭೂಮಿಯ ಮೇಲೆ ಕೂತ ಜನಭಾರ ಇಳಿಯಬೇಕಾದರೆ ಕೈಗಾರಿಕೆಯೇ ದಾರಿ ಎಂದರು. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿ ಅಣೆಕಟ್ಟು, ವಿದ್ಯುತ್ತಿನ ಯೋಜನೆಗಳಿಗೆ ಕೈಹಾಕಿದ್ದೂ ಅವರೇ. ನಮ್ಮ ಸಾಹಿತಿಗಳಿಗೆ ಸಂವಿಧಾನದ ಅಂಬೇಡ್ಕರ್ ಗೊತ್ತು, ಬೌದ್ಧ ಅಂಬೇಡ್ಕರ್ ಗೊತ್ತು. ಕರೆಂಟಿನ ಅಂಬೇಡ್ಕರ್ ಗೊತ್ತಿಲ್ಲ.

ಈ ಕಣ್ಣಿಟ್ಟುಕೊಂಡು ಕಾರಂತರ 'ಚೋಮನ ದುಡಿ'ಯನ್ನು ಓದಿ ನೋಡಿ. ಹೊಲೆಯ ಬೇಸಾಯಗಾರನಾಗಬಾರದು ಎಂಬ ಕಟ್ಟಳೆಯ ಎದುರು ಚೋಮ ಸಾಯುವ ಕಥೆ ಎಂದು ಎಲ್ಲರೂ ಬರೆದಿದ್ದಾರೆ. ದುಡಿಯ ಸದ್ದಿನ ಬಗ್ಗೆಯಂತೂ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಕಾದಂಬರಿಯೊಳಗೆ ಒಂದು ಕೈಗಾರಿಕೆಯೂ ಇದೆ, ಕಾಫಿ ತೋಟ. ಸಾಲ ತೀರಿಸಲು ಚೋಮನ ಮಕ್ಕಳು ಹೋಗುವುದು ಅಲ್ಲಿಗೆ. ಒಬ್ಬ ಮಗ ಜ್ವರದಲ್ಲಿ ಸಾಯುತ್ತಾನೆ. ಇನ್ನೊಬ್ಬ ಕ್ರಿಶ್ಚಿಯನ್ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ಉಳಿಯುತ್ತಾನೆ. ವಿಮರ್ಶೆ ಗುರುವನನ್ನು ಕೈಬಿಟ್ಟ ಮಗ ಎಂದು ಬರೆದು ಮುಗಿಸಿಬಿಟ್ಟಿತು. ನನಗೆ ಗುರುವ ಆ ಕಾದಂಬರಿಯ ದೊಡ್ಡ ಪ್ರಶ್ನೆ. ಅಪ್ಪನಿಗೆ ಉಳುವ ಹಕ್ಕು ಕೊಡದ ಊರು ಮಗನನ್ನು ಹಿಡಿದಿಟ್ಟುಕೊಳ್ಳಲು ಯಾವ ಮುಖ ಇಟ್ಟುಕೊಂಡಿತ್ತು? ತೋಟ ಸ್ವರ್ಗವಲ್ಲ, ಅಲ್ಲೂ ಸಾಲದ ಹಗ್ಗವಿದೆ. ಆದರೂ ಆ ಹಗ್ಗ ಹುಟ್ಟಿನಿಂದ ಬಂದದ್ದಲ್ಲ. ಕಾರಂತರು ಇದನ್ನು ಕಂಡರು, ಬರೆದರು, ಗುರುವನ ಹಿಂದೆ ಹೋಗಲಿಲ್ಲ. ಚೋಮನ ಜೊತೆ ಉಳಿದರು.

ಮಾರ್ಕ್ಸ್ 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಬರೆಯುತ್ತ, ರೈಲಿನಿಂದ ಹುಟ್ಟುವ ಆಧುನಿಕ ಕೈಗಾರಿಕೆ ಜಾತಿಗೆ ಆಧಾರವಾದ ಪರಂಪರಾಗತ ಶ್ರಮವಿಭಜನೆಯನ್ನು ಕರಗಿಸಿಬಿಡುತ್ತದೆ ಅಂದ. ನಮ್ಮ ಕಡೆ ಮದ್ದೂರು, ಮಂಡ್ಯದ ಮೇಲೆ ಮೈಸೂರಿಗೆ ರೈಲು ಓಡತೊಡಗಿದ್ದು 1880ರ ದಶಕದ ಆರಂಭದಲ್ಲಿ. ಜಾತಿಯೂ ಟಿಕೆಟ್ ತಗೊಂಡು ಹತ್ತಿತು. ಹಾಗಂತ ಮಾರ್ಕ್ಸನ ಮಾತನ್ನು ನಕ್ಕು ತಳ್ಳಿಹಾಕಲು ನಾನು ತಯಾರಿಲ್ಲ. ಆ ಮಾತಿನ ಪರೀಕ್ಷೆ ನಡೆದ ಜಾಗ ನಮ್ಮ ಶಿವನಸಮುದ್ರದ ತಂತಿಯ ಇನ್ನೊಂದು ತುದಿಯಲ್ಲಿದೆ.

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಹೊರಟದ್ದು ಮೈಸೂರಿನ ಅರಮನೆಗಲ್ಲ, ಬೆಂಗಳೂರಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ, ಜಾನ್ ಟೇಲರ್ ಕಂಪನಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹೊರಟ ಸೀಮೆಯ ಹಳ್ಳಿಗಳು ಎಷ್ಟೋ ಕಾಲ ಹರಳೆಣ್ಣೆ, ಸೀಮೆಎಣ್ಣೆಯಲ್ಲೇ ಇದ್ದವು. ಇದನ್ನು ನಾವೆಲ್ಲ ಹೆಮ್ಮೆಯಿಂದಲೋ ಹೊಟ್ಟೆಯುರಿಯಿಂದಲೋ ಹೇಳಿಕೊಳ್ಳುತ್ತೇವೆ. ಆ ಕರೆಂಟು ಯಾರನ್ನು ನೆಲದೊಳಕ್ಕೆ ಇಳಿಸಿತು ಅಂತ ಕೇಳುವುದಿಲ್ಲ. ಇಳಿದವರಲ್ಲಿ ಬಹುಪಾಲು ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಮೇಲುಸ್ತುವಾರಿಯಲ್ಲಿ ಬಿಳಿಯರು, ಆಂಗ್ಲೋ ಇಂಡಿಯನ್ನರು. ಕೂಲಿ ಲೈನುಗಳಲ್ಲಿ ತಟ್ಟಿ ಗುಡಿಸಲು, ಎದೆಯೊಳಗೆ ಕಲ್ಲಿನ ದೂಳು. ಯಂತ್ರ ಹೊಸದು, ಮೆಟ್ಟಿಲು ಹಳೆಯದು.

ಆದರೆ ಆ ಲೈನುಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಕಾಸಿನ ಕೂಲಿ ಇತ್ತು, ಗೌಡನ ಜಗಲಿ ಇರಲಿಲ್ಲ. ಪಂಡಿತ ಅಯೋತಿದಾಸರು 1907ರಲ್ಲಿ ಮದರಾಸಿನಿಂದ ಹೊರಡಿಸಿದ 'ತಮಿಳನ್' ಪತ್ರಿಕೆಯನ್ನು ಗಣಿ ಕೆಲಸಗಾರರು ಓದಿದರು, ಓದಿಸಿಕೊಂಡರು. ಮಾರಿಕುಪ್ಪಂನಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ಕಟ್ಟಿದರು. ಬಾಬಾಸಾಹೇಬರ 1956ರ ದೀಕ್ಷೆಗೆ ಎಷ್ಟೋ ಮುಂಚೆ ನಮ್ಮ ಇದೇ ಮೈಸೂರು ಸಂಸ್ಥಾನದೊಳಗೆ ಗಣಿ ದಲಿತರು ಬುದ್ಧನನ್ನು ತಮ್ಮವನು ಅಂದಿದ್ದರು. 1930ರಲ್ಲಿ ಅವರು ದೊಡ್ಡ ಮುಷ್ಕರ ಹೂಡಿದ್ದು ಬೆರಳಚ್ಚಿನ ವಿರುದ್ಧ. ಕೆಲಸಗಾರರ ಗುರುತು ಹಿಡಿಯಲು ಬೆರಳಚ್ಚು ಕೊಡಿ ಎಂದಾಗ ಕೆಲಸ ನಿಲ್ಲಿಸಿದರು. ಬೆರಳಚ್ಚು ಆ ಕಾಲದ ಹೊಸ ವಿಜ್ಞಾನ. 1897ರಲ್ಲಿ ಕಲ್ಕತ್ತೆಯ ಪೊಲೀಸರು ಅಪರಾಧಿಗಳಿಗಾಗಿ ಅದರ ಕಚೇರಿ ತೆರೆದಿದ್ದರು. ನೀವು ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುತ್ತಿದ್ದೀರಿ ಎಂಬುದು ಗಣಿಯವರಿಗೆ ಯಾವ ಫೂಕೋ ಓದದೆಯೇ ತಿಳಿದಿತ್ತು. ಜ್ಞಾನ ಮತ್ತು ಅಧಿಕಾರ ಅಂತ ನಮ್ಮ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸುವವರು ಆ ಮುಷ್ಕರವನ್ನು ಒಂದು ಪಠ್ಯವಾಗಿ ಓದಬೇಕು.

ಕನ್ನಡ ದಲಿತ ವಿಮರ್ಶೆಗೆ ಅದು ಕಾಣಲಿಲ್ಲ, ಕಾರಣ ಅವರು ತಮಿಳು ಮಾತಾಡುತ್ತಿದ್ದರು. ಒಳಗಿನವನಾಗಿ ನಾನು ಹೇಳಬೇಕಾದ ಕಹಿ ಮಾತು ಇದು. ಕೇರಿ ಎಂದರೆ ಹಳ್ಳಿಯ ಕೇರಿ, ಭಾಷೆ ಎಂದರೆ ನಮ್ಮ ಆಡುಮಾತು ಎಂದು ಗೆರೆ ಎಳೆದುಕೊಂಡೆವು. ಸಿದ್ಧಲಿಂಗಯ್ಯನವರ 'ಊರು ಕೇರಿ'ಯನ್ನು ಕೂಡ ಮಂಚನಬೆಲೆಯ ಪುಟಗಳಿಗಾಗಿ ಮೆಚ್ಚಿ, ಬೆಂಗಳೂರಿನ ಶ್ರೀರಾಮಪುರವನ್ನು ಹಿನ್ನೆಲೆ ಎಂದು ಬಿಟ್ಟೆವು. 1991ರ ಡಿಸೆಂಬರಿನಲ್ಲಿ ಕಾವೇರಿ ಹೆಸರಿನಲ್ಲಿ ಬೆಂಗಳೂರಲ್ಲೂ ಹಳೇ ಮೈಸೂರು ಸೀಮೆಯಲ್ಲೂ ತಮಿಳರ ಗುಡಿಸಲುಗಳಿಗೆ ಬೆಂಕಿ ಬಿದ್ದಾಗ ಸುಟ್ಟುಕೊಂಡವರಲ್ಲಿ ಕೂಲಿ ಮಾಡುವವರು ಎಷ್ಟು ಜನ! ನೀರಿನ ಪಾಲಿನ ಬಗ್ಗೆ ನಮಗೆ ನ್ಯಾಯವಾದ ಮಾತಿದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದೇ ನದಿಯ ಕರೆಂಟು ನೂರು ವರ್ಷ ಯಾರ ಲಿಫ್ಟನ್ನು ಇಳಿಸಿ ಎಳೆಯಿತು ಎಂಬ ನೆನಪು ನಮ್ಮ ಸಾಹಿತ್ಯದಲ್ಲಿ ಇದ್ದಿದ್ದರೆ ಆ ದಿನ ಒಂದೆರಡು ಕೈಗಳಾದರೂ ತಡೆಯಲು ಮುಂದೆ ಬರುತ್ತಿದ್ದವೇನೋ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಗಣಿಯವರ ಮಕ್ಕಳು ಈಗ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಹಲಗೂರಿನ ಹುಡುಗರು ಕನಕಪುರ ರಸ್ತೆಯಲ್ಲಿ ಬಸ್ಸು ಹತ್ತಿ ಅಲ್ಲಿಗೇ ಬರುತ್ತಾರೆ. ಮುಂದಿನ ಸಂಚಿಕೆಗೆ ಗಣಿಯ ಗೆಳೆಯರಿಂದ ಬರೆಸಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ತಮಿಳಿನಲ್ಲೇ ಬರೆದುಕೊಡಲಿ, ಕನ್ನಡಕ್ಕೆ ತರಲು ಜನ ಇದ್ದೇವೆ.